ಬ್ಯಾಟರಿ ಅಣ್ಣನ ಕೆಂಪು ಫೈಲುಗಳು

ಕಚೇರಿಗೆ ಸೇರಿದ ಮೇಲೆ ನಾನು ಆಡಿದ ಅತಿ ಉದ್ದದ ಮಾತೆಂದರೆ ‘ಹೂಂ ಸಾರ್’. ಹೀಗೇ ಬಿಟ್ಟರೆ ಗಂಟಲಿಗೆ ತುಕ್ಕು ಹಿಡಿದೀತು, ನಿಜವಾಗಿ ಮಾತು ಬೇಕಾದ ದಿನ ಬಾಗಿಲು ಕಿರುಗುಟ್ಟಿದಂಥ ಸದ್ದು ಮಾತ್ರ ಬಂದೀತು ಎಂಬುದು ನನ್ನ ಗುಟ್ಟಿನ ಚಿಂತೆ. ಡೈರಿಯ ಹೊರಗೆ ಇದನ್ನು ಯಾರಿಗೂ ಹೇಳಿಲ್ಲ. ಅಕ್ಕನಿಗಂತೂ ಹೇಳುವ ಹಾಗೇ ಇಲ್ಲ. ಅವಳು ಹಲ್ಲಿನಲ್ಲಿ ಹೇರ್‌ಪಿನ್ನು ಕಚ್ಚಿಕೊಂಡು ಜಡೆ ಹಾಕಿಕೊಳ್ಳುತ್ತಲೇ ಇಡೀ ಬೀದಿಯ ಸುದ್ದಿ ಹೇಳಬಲ್ಲವಳು.

“ಬಾಯಿದ್ದವ ಬರಗಾಲದಲ್ಲೂ ಬದುಕಿದ ಅಂತಾರೆ ಕಣೇ. ನಿನ್ನನ್ನ ಸುಗ್ಗಿಯಲ್ಲೂ ನಾನೇ ಸಾಕ್ಬೇಕು!” ಎಂದು ದಿನಾ ಬೆಳಿಗ್ಗೆ ಚುಚ್ಚುತ್ತಾಳೆ.

ನಾನು ಕೆಲಸ ಮಾಡುವುದು ಒಂದು ಟಿ.ವಿ. ವಾಹಿನಿಯ ವಿಡಿಯೋ ಸಂಗ್ರಹದಲ್ಲಿ. ಕ್ಯಾಮೆರಾದವರು ಹೊರಗಿಂದ ತಂದದ್ದೆಲ್ಲ ನಮ್ಮ ಕಂಪ್ಯೂಟರ್ ವ್ಯವಸ್ಥೆಗೆ ಸೇರಿ, ಹೆಸರು, ವಿಷಯ ಹಚ್ಚಿಸಿಕೊಂಡು, ಬೇಕಾದಾಗ ಎದ್ದು ಬರಬೇಕು. ಕಿಟಕಿಯಿಲ್ಲದ ಕೋಣೆ. ಅಲ್ಲಿನ ಎ.ಸಿ. ಇರುವುದು ಸರ್ವರ್‌ಗಳಿಗಾಗಿ, ನಮಗಾಗಿ ಅಲ್ಲ. ಹಾಗಾಗಿ ಬಿರುಬೇಸಿಗೆಯಲ್ಲೂ ನಾನು ಸ್ವೆಟರ್ ತೊಟ್ಟೇ ಕೂರುತ್ತೇನೆ.

ಆ ವಾರ ಸಂಗ್ರಹವನ್ನೆಲ್ಲ ಹೊಸ ಸರ್ವರ್‌ಗೆ ಸಾಗಿಸುವುದಿತ್ತು. ಕೆಟ್ಟ ಫೈಲುಗಳನ್ನು ಜೊತೆಗೆ ಹೊರುವಂತಿರಲಿಲ್ಲ. ತೆರೆಯಲು ಬಾರದ ಫೈಲಿನ ಪಕ್ಕದಲ್ಲಿ ವ್ಯವಸ್ಥೆ ತಾನೇ ಒಂದು ಕೆಂಪು ಚುಕ್ಕೆ ಇಡುತ್ತದೆ.

“ಕೆಂಪು ಕಂಡದ್ದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಮ್ಮ. ಶುಕ್ರವಾರ ಮೀಟಿಂಗಲ್ಲಿ ಎಲ್ಲರ ಮುಂದೆ ಅಳಿಸಿ ಕೈ ತೊಳ್ಕೊಳ್ಳೋಣ” ಎಂದರು ನಮ್ಮ ವಿಭಾಗದ ಸಾರ್.

“ಹೂಂ ಸಾರ್.”

ಗುಡ್ಡೆ ಹಾಕಿ ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಬ್ಯಾಟರಿ ಅಣ್ಣನವು. ಅವರು ನಮ್ಮಲ್ಲಿನ ಅತ್ಯಂತ ಹಿರಿಯ ಕ್ಯಾಮೆರಾಮನ್. ಹೊಸ ಕ್ಯಾಮೆರಾ ಕೈಗೆ ಬಂದಾಗಿನಿಂದ, ಮರೆಯಾಗುತ್ತಿರುವ ಕಸುಬುಗಳನ್ನು ಊರೂರು ಅಲೆದು ಚಿತ್ರೀಕರಿಸುತ್ತಿದ್ದರು. ಕಾರ್ಯಕ್ರಮ ಇನ್ನೂ ಶುರುವಾಗದ ಕಾರಣ ಅವನ್ನು ಯಾರೂ ತೆರೆದು ನೋಡಿರಲಿಲ್ಲ. ಕೊನೆಯ ಸಲ ಹೊಳೆ ದಾಟಿಸಿದ ಅಂಬಿಗನದೂ ಅದರಲ್ಲಿತ್ತು. ಸೇತುವೆಯಾದ ಮೇಲೆ ದೋಣಿ ಮಗುಚಿ ಮಲಗಿತ್ತು. ಮತ್ತೆ ಹೋಗಿ ತೆಗೆಯೋಣವೆಂದರೆ ಏನೂ ಉಳಿದಿರಲಿಲ್ಲ.

“ವಯಸ್ಸಾಯ್ತು, ಕೈ ತಪ್ಪಿದೆ” ಎಂದರು ಸಾರ್. “ಇವನ್ನ ಅಳಿಸಿದ ಮೇಲೆ ಅವರನ್ನ ಸ್ಟುಡಿಯೋದಲ್ಲೇ ಕೂರಿಸೋಣ. ಹೊರಗಿನ ಶೂಟಿಂಗ್ ಸಾಕು.”

ಅದಕ್ಕೂ ನನ್ನ ಬಾಯಿಂದ ಬಂದದ್ದು ‘ಹೂಂ’ ಒಂದೇ. ಆದರೆ ಕುರ್ಚಿಗೆ ಮರಳಿ ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಸತ್ತ ಫೈಲು ಸಾಮಾನ್ಯವಾಗಿ ಟೊಳ್ಳು, ಗಾತ್ರವೇ ಇರುವುದಿಲ್ಲ. ಅಣ್ಣನವು ಒಂದೊಂದೂ ಹೆಣಭಾರ. ತುಂಬಿದ ಕೊಡಗಳು, ತುಳುಕುತ್ತಿರಲಿಲ್ಲ, ಅಷ್ಟೇ. ತುಳುಕದವರ ಕಷ್ಟ ನನಗಲ್ಲದೆ ಇನ್ನಾರಿಗೆ ಗೊತ್ತು?

ಮಧ್ಯಾಹ್ನ ಅಣ್ಣ ಅಂಗಳದಲ್ಲಿ ಕಚೇರಿಯ ಹೊಸ ಬೋರ್ಡನ್ನು ಶೂಟ್ ಮಾಡುತ್ತಿದ್ದರು. ‘ಕಟ್’ ಎಂಬ ಮಾತು ಇನ್ನೂ ಅರ್ಧ ಬಾಯಲ್ಲಿರುವಾಗಲೇ ಅವರ ಎಡಗೈ ಹಾರಿ, ಬ್ಯಾಟರಿ ಕಿತ್ತು ಜೇಬಿಗಿಟ್ಟಿತು. ಅವರಿಗೆ ಆ ಹೆಸರು ಬಂದದ್ದೇ ಹಾಗೆ.

“ಟೇಪಿನ ಕಾಲದಲ್ಲಿ ಒಂದೇ ಬ್ಯಾಟರೀಲಿ ಇಡೀ ಮದುವೆ ಮುಗಿಸಿದೀನಿ, ಗೊತ್ತಾ ಪುಟ್ಟಿ? ಮದುಮಗ ಸುಸ್ತಾದ, ಬ್ಯಾಟರಿ ಆಗ್ಲಿಲ್ಲ!” ಎಂದು ನಕ್ಕರು.

ನಾನು ನಗುವುದನ್ನೂ ಮರೆತು ನಿಂತೆ. ಟೇಪಿನ ಮೇಲೆ ಬಿದ್ದದ್ದು ಬಿದ್ದೇ ಇರುತ್ತಿತ್ತು. ಈ ಕ್ಯಾಮೆರಾ ಹಾಗಲ್ಲ. ನಿಲ್ಲಿಸಿದ ಮೇಲೆ ಯಾವ ಚಿತ್ರ ಎಲ್ಲಿದೆ, ಯಾವ ಸದ್ದು ಎಲ್ಲಿದೆ ಎಂದು ಕೊನೆಯಲ್ಲಿ ಬರೆದುಕೊಳ್ಳಲು ಅದಕ್ಕೆ ನಾಲ್ಕು ಉಸಿರಿನಷ್ಟು ಹೊತ್ತು ಬೇಕು; ಅಷ್ಟು ಹೊತ್ತೂ ಅದರ ಪುಟ್ಟ ದೀಪ ಉರಿಯುತ್ತಿರುತ್ತದೆ. ಅಷ್ಟರೊಳಗೆ ಅಣ್ಣ ಅದರ ಜೀವವನ್ನೇ ಕಿತ್ತು ಜೇಬಿಗಿಡುತ್ತಿದ್ದರು. ಪುಸ್ತಕವೆಲ್ಲ ಅಚ್ಚಾಗಿ ಪುಟಸಂಖ್ಯೆ, ಪರಿವಿಡಿ ಮಾತ್ರ ಬಿಟ್ಟುಹೋದ ಹಾಗೆ. ಅದೇ ಕ್ಯಾಮೆರಾದ ಒಂದೇ ಒಂದು ಗಟ್ಟಿ ಫೈಲು ಸಿಕ್ಕರೆ, ಅದನ್ನು ಮಾದರಿಯಾಗಿಟ್ಟು ಉಳಿದವಕ್ಕೆಲ್ಲ ಪರಿವಿಡಿ ಹೊಸದಾಗಿ ಕಟ್ಟಿಕೊಡುವ ತಂತ್ರಾಂಶ ಇದೆ.

ಆ ಒಂದು ಫೈಲನ್ನು ಕೇಳಲಾದರೂ ಬಾಯಿ ಬರಬೇಕಲ್ಲ. ಚೀಟಿ ಬರೆದು ಕೊಟ್ಟೆ. ಅಣ್ಣ ಕನ್ನಡಕ ಹಣೆಗೇರಿಸಿ ಗಟ್ಟಿಯಾಗಿ ಓದಿದರು: “‘ಒಂದು ಶಾಟ್ ತೆಗೆಯಿರಿ. ನಿಲ್ಲಿಸಿದ ಮೇಲೆ ದೀಪ ಆರುವ ತನಕ ಬ್ಯಾಟರಿ ಮುಟ್ಟಬೇಡಿ.’ ಏನಮ್ಮಾ, ಮೊಮ್ಮಗಳಾಗಿ ಅಜ್ಜಂಗೆ ನಡೆಯೋದು ಹೇಳ್ಕೊಡ್ತಿದ್ದೀಯಾ? ಆಗ್ಲಿ. ಯಾರನ್ನ ತೆಗೀಲಿ? ನೀನೇ ನಿಂತ್ಕೋ. ಏನಾದ್ರೂ ಮಾತಾಡು.”

ನಿಂತೆ. ಬಾಯಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಮಾತು ಬರಲಿಲ್ಲ. ಅಣ್ಣ ನಿಲ್ಲಿಸಿದರು. ಎಡಗೈ ಅಭ್ಯಾಸಬಲದಿಂದ ಮೇಲೆದ್ದಿತು. ಅದನ್ನು ಬಲಗೈಯಿಂದ ಗಪ್ಪೆಂದು ಹಿಡಿದು, ತುಂಟ ಹುಡುಗನನ್ನು ಹಿಡಿದ ಮೇಷ್ಟ್ರ ಹಾಗೆ ನಿಂತರು. ದೀಪ ಆರಿತು. ಅವರು ಒಮ್ಮೆ ಕೈಯನ್ನೂ ಒಮ್ಮೆ ನನ್ನನ್ನೂ ನೋಡಿದರು.

“ಅಂದ್ರೆ ಇಷ್ಟು ದಿನ… ಈ ಕೈಯೇನಾ?”

ತಲೆಯಾಡಿಸಿದೆ.

ಕೋಣೆಗೆ ಓಡಿ, ನಾನು ಮೂಕಿಯಾಗಿ ನಿಂತ ಆ ಫೈಲನ್ನೇ ಮಾದರಿಯಾಗಿ ಕೊಟ್ಟು ಅಂಬಿಗನ ಫೈಲನ್ನು ತಂತ್ರಾಂಶಕ್ಕೆ ಹಾಕಿದೆ. ಪರದೆ ಕಪ್ಪಾಗಿಯೇ ಇತ್ತು. ಮೊದಲು ನೀರಿನ ಸದ್ದು ಬಂತು, ಆಮೇಲೆ ನೀರು, ಆಮೇಲೆ ಹುಟ್ಟು ಹಾಕುವ ಆ ಎರಡು ಕೈಗಳು. ನಾನು “ಅಯ್ಯೋ!” ಎಂದು ಕೂಗಿದೆನಂತೆ. ಹೊರಗೆ ಕೂತವರು ಹಲ್ಲಿ ಬಿತ್ತೇನೋ ಅಂದುಕೊಂಡರಂತೆ.

ಗುರುವಾರ ಸಂಜೆಯ ಹೊತ್ತಿಗೆ ಕೆಂಪು ಚುಕ್ಕೆಗಳು ಒಂದೊಂದಾಗಿ ಹಸಿರಾದವು. ಟೊಳ್ಳಾಗಿದ್ದ ಕೆಲವನ್ನು ಮಾತ್ರ ಎರಡೆರಡು ಸಲ ತೆರೆದು ನೋಡಿ, ನಾನೇ ಅಳಿಸಿದೆ. ಆದರೆ ಸಾರ್‌ಗೆ ಹೇಳಲು ಎರಡು ಸಲ ಅವರ ಬಾಗಿಲ ತನಕ ಹೋಗಿ, ನೀರು ಕುಡಿದು ಬಂದೆ.

ಶುಕ್ರವಾರ ಮೀಟಿಂಗಿನಲ್ಲಿ ಸಾರ್ ದೊಡ್ಡ ಪರದೆಯ ಮೇಲೆ ಕೆಂಪು ಫೈಲುಗಳನ್ನು ಹುಡುಕಿದರು. ಒಂದೂ ಇಲ್ಲ.

“ಎಲ್ಲಮ್ಮಾ? ಆಗ್ಲೇ ಅಳಿಸಿಬಿಟ್ಯಾ?”

ಬಾಯಿ ಬರಲಿಲ್ಲ, ಕೈ ಬಂತು. ಮೌಸ್ ಎಳೆದುಕೊಂಡು ಅಂಬಿಗನ ಮೇಲೆ ಒತ್ತಿದೆ. ಕೋಣೆಯ ತುಂಬ ಹೊಳೆ ಹರಿಯಿತು. ದೋಣಿ ದಡ ಮುಟ್ಟಿದಾಗ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ.

ಅಣ್ಣ ಎದ್ದು ನಿಂತು, “ತಪ್ಪು ನಂದೇ ಸಾರ್. ದೀಪ ಆರೋ ಮೊದ್ಲೇ ಬ್ಯಾಟರಿ ಕೀಳ್ತಿದ್ದೆ. ಇನ್ನು ಕೀಳಲ್ಲ” ಎಂದರು.

“ಇಂಥದ್ದು ತರೋರನ್ನ ಸ್ಟುಡಿಯೋದಲ್ಲಿ ಕೂರಿಸೋಕಾಗುತ್ತೇನ್ರೀ? ಸೋಮವಾರ ಹೊರಡಿ” ಎಂದರು ಸಾರ್. “ನೋಡಿ, ವ್ಯವಸ್ಥೆ ಎಷ್ಟು ಜಾಣ. ತಾನೇ ರಿಪೇರಿ ಮಾಡ್ಕೊಂಡಿದೆ!”

ಅಣ್ಣ ನನ್ನ ಕಡೆ ತಿರುಗಿದರು. ದೀಪ ಆರುವುದನ್ನು ಕಾಯುವವರ ಹಾಗೆ, ಎಡಗೈಯನ್ನು ಬಲಗೈಯಲ್ಲಿ ಹಿಡಿದು ನಿಂತರು.

ಅಷ್ಟರಲ್ಲಿ ಮುಂದಿನ ಫೈಲು ತಾನಾಗಿ ಶುರುವಾಯಿತು. ಪರದೆಯ ಮೇಲೆ ಗೋಡೆಯಷ್ಟೆತ್ತರದ ನಾನು ಬಾಯಿ ತೆರೆದೆ, ಮುಚ್ಚಿದೆ. ಎಲ್ಲರೂ ಗೊಳ್ಳೆಂದರು.

“ಇದ್ಯಾವುದು? ಧ್ವನೀನೇ ಬಂದಿಲ್ವಲ್ಲ. ಇದೊಂದು ಕೆಟ್ಟದ್ದು ಉಳ್ಕೊಂಡಿದೆ” ಎನ್ನುತ್ತಾ ಸಾರ್ ಅಳಿಸಲು ಕೈ ಚಾಚಿದರು.

“ಮುಟ್ಬೇಡಿ ಸಾರ್!”

ಕೂಗಿದ್ದು ನಾನೇ. ಗಂಟಲಲ್ಲಿ ತುಕ್ಕು ಇರಲಿಲ್ಲ.

“ಅದು ಕೆಟ್ಟಿಲ್ಲ. ಸುಮ್ಮನೆ ನಿಂತಿದ್ದೋಳು ನಾನು. ಅದನ್ನಿಟ್ಕೊಂಡೇ ಉಳಿದದ್ದನ್ನೆಲ್ಲ ಸರಿ ಮಾಡಿದ್ದು. ಮಾಡಿದ್ದು ವ್ಯವಸ್ಥೆಯಲ್ಲ ಸಾರ್, ನಾನು.”