ಕಿಡಿ ಹಾರದ ಕುಂಡ

ಬಾಯಿ ಮುಚ್ಚಿಕೊಂಡು ಹೋಗಿ ಒಂದು ಕುಂಡ ತರಬೇಕು. ಇಷ್ಟೇ ಕೆಲಸ ಎಂದಿದ್ದಳು ನನ್ನ ಹೆಂಡತಿ ಶಿವಗಂಗವ್ವ. ನಿಗಡಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ಅವಳ ಗೇಣುದ್ದದ ಹುಣಸೆ ಬೋನ್ಸಾಯ್ ಹನ್ನೊಂದು ವರ್ಷದಿಂದ ತುಪ್ಪದ ಡಬ್ಬಿಯಲ್ಲಿತ್ತು. ಡಬ್ಬಿಯ ತಳ ತುಕ್ಕು ತಿಂದು ಬೇರು ಹೊರಗೆ ಬಂದಿತ್ತು. ಎಲೆ ಉದುರುತ್ತಿತ್ತು.

"ಎಲ್ಲಾದಕ್ಕೂ ಭಾಳ ಛಲೋ ಅದ ಅನ್ರಿ. ನಿಮ್ಮ ಬಾಯಿಂದ ನನ್ನ ಗಿಡ ಸಾಯಬಾರದು" ಎಂದಿದ್ದಳು.

ನನ್ನನ್ನು ತೀರ್ಪುಗಾರನಾಗಿ ಕರೆದದ್ದು ಬೋನ್ಸಾಯ್ ಸಂಘದ ಅಧ್ಯಕ್ಷ ದಿಗಂಬರ ಅವರು, ಧಾರವಾಡದ ಕಡೆಯವರು. ನಗರದ ಕ್ಯಾಂಪ್ ಬಡಾವಣೆಯ ಒಂದು ಸಭಾಗೃಹದಲ್ಲಿ, ಬೇರೆ ಬೇರೆ ದೇಶಗಳಲ್ಲಿ ಕೈಯಿಂದ ಮಾಡಿ ಗಾಜಿನ ಲೇಪ ಕೊಟ್ಟ ಗ್ಲೇಜ್ ಕುಂಡಗಳ ಸ್ಪರ್ಧೆ. ಬರಬೇಕಿದ್ದ ತೀರ್ಪುಗಾರರಿಗೆ ಜ್ವರ. ನಾನು ಕುರಕುಂಭದ ಕಾರ್ಖಾನೆಯಲ್ಲಿ ಆಸಿಡ್ ಕುದಿಸುವ ಕಬ್ಬಿಣದ ಹಂಡೆಗಳ ಗಾಜಿನ ಲೇಪ ತಪಾಸಣೆ ಮಾಡುವವನು.

"ಅದೂ ಗ್ಲೇಜ್, ಇದೂ ಗ್ಲೇಜ್, ಈರಬಸಪ್ಪನವರ. ಬರ್ರಿ. ಒಂದು ಕುಂಡ ನಿಮಗ ಕಾಣಿಕಿ" ಎಂದರು.

ತಪಾಸಣೆಯ ಯಂತ್ರ ಹಿಡಿದುಕೊಂಡೇ ಹೋದೆ. ಯಂತ್ರವಿಲ್ಲದೆ ತೀರ್ಪು ಹೇಳುವುದು ಸುಳ್ಳುಗಾರರ ಕೆಲಸ. ತುದಿಗೆ ತಂತಿಯ ಬ್ರಷ್, ಅದರಲ್ಲಿ ಇಪ್ಪತ್ತು ಸಾವಿರ ವೋಲ್ಟ್. ಲೇಪದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಚಟ್ ಎಂದು ನೀಲಿ ಕಿಡಿ ಹಾರುತ್ತದೆ. ಕಿಡಿ ಹಾರಿದರೆ ಹಂಡೆ ರಿಜೆಕ್ಟ್. ತಳದ ಔಟ್‌ಲೆಟ್, ಅಂದರೆ ಆಸಿಡ್ ಹೊರಬಿಡುವ ತೂತು, ಲೆಕ್ಕಕ್ಕಿಲ್ಲ.

ಮೇಜಿನ ಮೇಲೆ ಮೂರು ಕುಂಡ. ಕಡುನೀಲಿ ಜಪಾನಿನದು, ತಂದವರು ಬೆಳಗಾವಿಯ ನೀಲಿಮಾ. ಹಸಿರು ಇಂಗ್ಲೆಂಡಿನದು, ದಿಗಂಬರರದೇ. ಬೆಣ್ಣೆಬಣ್ಣದ್ದು ಚೆಕ್ ದೇಶದ್ದು, ಕೇದಾರ ಎಂಬ ವಕೀಲನದು.

"ಜಪಾನಿನ ಹೊಳಪಿನಾಗ ಮೌನ ಅದ. ಇಂಗ್ಲೆಂಡಿನದರಾಗ ಮಳಿ ಅದ" ಎಂದು ದಿಗಂಬರ ವಿವರಿಸಿದರು.

ಬಗ್ಗಿ ನೋಡಿದೆ. ಮಳೆ ಎಲ್ಲೂ ಇರಲಿಲ್ಲ. ಮನೆಯ ಹುಣಸೆ ಗಿಡ ನೆನಪಿಸಿಕೊಂಡು ಬಾಯಿ ಬಿಡಲಿಲ್ಲ.

ಮಣ್ಣಿಗೆ ಕರೆಂಟು ಹರಿಯಲೆಂದು ಕುಂಡದೊಳಗೆ ಉಪ್ಪುನೀರಿನ ಬಟ್ಟೆ ತುಂಬಿ, ಯಂತ್ರದ ಇನ್ನೊಂದು ವೈರ್ ಸಿಕ್ಕಿಸಿ, ಜಪಾನಿನ ಮೇಲೆ ಬ್ರಷ್ ಎಳೆದೆ. ಚಟ್. ಚಟ್. ಚಟ್ ಚಟ್.

"ಅಗಬಾಯಿ!" ನೀಲಿಮಾ ಕುರ್ಚಿ ಹಿಡಿದರು.

ಒಂಬತ್ತು ಕಿಡಿ. ಬಾಯಿ ಮುಚ್ಚಿಯೇ ಇತ್ತು, ಕೈ ಕೇಳಬೇಕಲ್ಲ. ಕುಂಡದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ರಿಜೆಕ್ಟ್ ಎಂದು ಬರೆಯಿತು. ಇಂಗ್ಲೆಂಡಿಗೆ ನಾಲ್ಕು ಕಿಡಿ. ಅದೂ ರಿಜೆಕ್ಟ್.

"ನಿಮ್ಮನ್ನ ನನ್ನ ಮರ್ಯಾದಿ ತೆಗ್ಯಾಕ ಕರದೀನೇನ್ರಿ?" ದಿಗಂಬರ ಕೂಗಿದರು. "ಕಾಣಿಕಿ ಮರೀರಿ ಇನ್ನ!"

"ಮರೀತೀನಿ! ಇದರಾಗ ಆಸಿಡ್ ಹಾಕಿದ್ರ ಎಂಟು ದಿನ ತಡಿಯಂಗಿಲ್ಲ!"

"ಗಿಡಕ್ಕ ಆಸಿಡ್ ಯಾರ್ ಹಾಕ್ತಾರ್ರೀ?"

ಹುಣಸೆ ಸತ್ತಿತು ಎಂದುಕೊಂಡೆ. ಆದರೂ ಅರ್ಧ ತಪಾಸಣೆ ಬಿಟ್ಟು ಏಳುವವನಲ್ಲ ನಾನು. ಚೆಕ್ ಕುಂಡದ ಮೇಲೆ ಬ್ರಷ್ ಎಳೆದೆ. ಕಿಡಿ ಇಲ್ಲ. ಮೂಲೆ ಮೂಲೆ ಎಳೆದೆ. ಇಲ್ಲ. ಪಾಸ್ ಎಂದು ಬರೆದು ಕೇದಾರನ ಕೈ ಕುಲುಕಿದೆ.

"ಇದು ನೋಡ್ರಿ ಮಾಲು!"

ಕೇದಾರ ಅರಳಿದ. ನೀಲಿಮಾ ನಿಧಾನವಾಗಿ ಎದ್ದರು. "ಕೈಲೆ ಮಾಡಿದ್ದಕ್ಕ ಒಂದೂ ತೂತಿಲ್ಲ?" ಎನ್ನುತ್ತ ಕುಂಡ ಮಗುಚಿದರು. ಅದರ ಕಾಲಿನ ಒಳಬದಿಗೆ ಕೂದಲೆಳೆಯಷ್ಟು ಅಚ್ಚಿನ ಗೆರೆ. ಕಾರ್ಖಾನೆಯ ಮಾಲು.

"ಒಬ್ಬ ಮುದುಕನ ಕೈಯಿಂದ ತೊಗೊಂಡೀನ್ರಿ!" ಎಂದ ಕೇದಾರ.

"ಮುದುಕ ಕೊಟ್ಟಾನ. ಮಾಡಿಲ್ಲ" ಎಂದರು ದಿಗಂಬರ.

ಆಮೇಲೆ ಸಭೆಯೇ ತಲೆಕೆಳಗಾಯಿತು. ತೂತು ಹೆಚ್ಚಿದ್ದಷ್ಟೂ ಅಪ್ಪಟ ಕೈಕೆಲಸ ಎಂದಾಯಿತು. ಒಂಬತ್ತು ಕಿಡಿಯ ಜಪಾನಿಗೆ ಪ್ರಥಮ ಬಹುಮಾನ. ರಿಜೆಕ್ಟ್ ಎಂಬುದನ್ನು ಒರೆಸಲು ಹೋದ ನನ್ನ ಕೈಗೆ ನೀಲಿಮಾ ಪಟ್ಟನೆ ಹೊಡೆದರು. ದಿಗಂಬರ ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ಇಂಗ್ಲೆಂಡಿನದು ಹಿಂದಿನ ಬಾಜು ಇನ್ನೊಮ್ಮೆ ಎಳೀರಿ. ಐದಾರು ಸಿಗ್ತಾವ."

ಎಳೆದೆ. "ನಾಲ್ಕಂದ್ರ ನಾಲ್ಕ" ಎಂದೆ. ಅವರು ಕುಂಡ ಕಸಿದುಕೊಂಡು ಹೋದರು.

ಹೊರಡುವಾಗ ಕೇದಾರ ತನ್ನ ಕುಂಡವನ್ನು ನನ್ನ ಎದೆಗೆ ತಳ್ಳಿದ. "ನೀವ ಪಾಸ್ ಮಾಡೀರಿ, ನೀವ ಒಯ್ರಿ. ನನ್ನ ಕಣ್ಣಿಗೆ ಬೀಳೂದು ಬ್ಯಾಡ."

ಮನೆಯಲ್ಲಿ ಶಿವಗಂಗವ್ವ ಅದನ್ನು ಬೆಳಕಿಗೆ ಹಿಡಿದಳು. "ಬಾಯಿ ಮುಚ್ಚಿದ್ರಿ?"

"ಇಲ್ಲ."

"ಆದರೂ ಕೊಟ್ರು?"

"ಸಿಟ್ಟಿಲೆ ಕೊಟ್ರು."

ಅವಳು ಡಬ್ಬಿ ಕತ್ತರಿಸಿ ಹುಣಸೆ ಬಿಡಿಸಿದಳು. ಬೇರು ಕುಂಡದಲ್ಲಿ ಸರಿಯಾಗಿ ಕೂತಿತು. ಮಣ್ಣು ಒತ್ತಿ ನೀರು ಹಾಕಿದಳು. ನೀರು ತಳದಿಂದ ನನ್ನ ಪಾದದ ಮೇಲೆ ಹರಿಯಿತು.

"ತಳದಾಗ ಇಷ್ಟು ದೊಡ್ಡ ತೂತದ" ಎಂದಳು. "ಇದನ್ನ ಹೆಂಗ ಪಾಸ್ ಮಾಡಿದ್ರಿ?"

"ಅದು ಔಟ್‌ಲೆಟ್!" ಎಂದು ಕೂಗಿದೆ.