ಹೊಳೆಗೊಂದು ಮುಷ್ಟಿ

ಅನುದಾನದ ಅರ್ಜಿಯಲ್ಲಿ ಹನ್ನೊಂದನೆಯ ಪ್ರಶ್ನೆ ಹೀಗಿತ್ತು: ‘ಜನಸಾಮಾನ್ಯರಿಗೆ ವಿಜ್ಞಾನ ತಿಳಿಸಿದ ಹಿಂದಿನ ಅನುಭವ ಇದೆಯೇ?’ ಮಾಲಿನಿ ‘ಇಲ್ಲ’ ಎಂದು ಬರೆದಳು. ಹಸಿ ಸುಳ್ಳು. ಅನುಭವ ಇತ್ತು, ಮೂವತ್ತೈದು ವರ್ಷದಷ್ಟು ಹಳೆಯದು. ಅದನ್ನು ನೆನೆದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತಿತ್ತು.

ಸಂಶೋಧಕರು ತಮ್ಮತಮ್ಮೊಳಗೇ ಇಂಗ್ಲಿಷಿನಲ್ಲಿ ಬರೆದುಕೊಂಡು ಕೂತದ್ದು ಸಾಕು, ಜನರ ಹತ್ತಿರ ಹೋಗಿ ಅವರ ಮಾತಿನಲ್ಲಿ ಹೇಳಲಿ ಎಂದು ಕೊಡುವ ಹಣ ಅದು. ಮಾಲಿನಿ ಇಪ್ಪತ್ತು ವರ್ಷದಿಂದ ಬಳಚನ್ನು, ಅಂದರೆ ಹೊಳೆಯ ಕೆಸರಲ್ಲಿ ಸಿಗುವ ಚಿಪ್ಪನ್ನು, ಅಳೆದು ತೂಗುತ್ತ ಬಂದವಳು. ಅಷ್ಟೂ ವರ್ಷದ ಕೆಲಸವನ್ನು ಹಿಂಡಿದರೆ ಒಂದು ಮಾತು ಉಳಿಯುತ್ತಿತ್ತು: ಹೆಬ್ಬೆರಳಿನ ಉಗುರಿಗಿಂತ ಸಣ್ಣದನ್ನು ಹೊಳೆಗೇ ಬಿಡಿ, ಅದಿನ್ನೂ ಮೊಟ್ಟೆ ಇಡುವಷ್ಟು ಬೆಳೆದಿರುವುದಿಲ್ಲ. ಬಿಡದಿದ್ದರೆ ಮೂರು ನಾಲ್ಕು ವರ್ಷದಲ್ಲಿ ಹೊಳೆಬಾಯಲ್ಲಿ ಬಳಚೇ ಇರುವುದಿಲ್ಲ. ಇದನ್ನು ಹೇಳಲು ಅವಳು ಕುಮಟೆ ತಾಲೂಕಿನ ತನ್ನ ತವರೂರು ಕೋಡಿಬೈಲನ್ನೇ ಆರಿಸಿಕೊಂಡಳು. ಅಲ್ಲಿ ಹೇಳುವುದೊಂದಿತ್ತು, ಹಿಂದಕ್ಕೆ ತೆಗೆದುಕೊಳ್ಳುವುದೂ ಒಂದಿತ್ತು.

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಶಾಲೆಯ ಜಗಲಿಯಲ್ಲಿ ಬ್ಯಾನರು, ಪ್ರೊಜೆಕ್ಟರು, ನೂರು ಕುರ್ಚಿ, ಒಂದು ಬುಟ್ಟಿ ಭಜಿ. ಮೂರೂವರೆಯಾದರೂ ಬಂದದ್ದು ಭಜಿಯ ವಾಸನೆ ಹಿಡಿದ ಒಂದು ನಾಯಿ ಮಾತ್ರ. ಮಾಲಿನಿಯ ಸಂಶೋಧನಾ ಸಂಸ್ಥೆಯ ಕಚೇರಿಯಿಂದ ಬಂದಿದ್ದ ಹೊನ್ನಾವರದ ಸುಧಾಕರ, ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಮನುಷ್ಯ, ಹಾಜರಿ ಹಾಳೆ ಹಿಡಿದು ಶತಪಥ ಹಾಕುತ್ತಿದ್ದ.

“ಎಂತ ಮಾಡುದು ಮೇಡಂ? ಸಹಿ ಬೇಕು, ಫೋಟೋ ಬೇಕು, ಇಲ್ದಿದ್ರೆ ಎರಡನೇ ಕಂತು ಬರುದಿಲ್ಲ. ಈ ನಾಯಿ ಹತ್ರ ಹೆಬ್ಬೆಟ್ಟು ಒತ್ತಿಸುದಾ?”

ಮಾಲಿನಿಯ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು. ಹುಣ್ಣಿಮೆ! ಅವಳು ಹಣೆ ಚಚ್ಚಿಕೊಂಡಳು. ಹುಣ್ಣಿಮೆಯ ಇಳಿಹೊತ್ತಿಗೆ ನೀರು ದೂರ ಸರಿದು ಕೆಸರೆಲ್ಲ ಬಯಲಾಗುತ್ತದೆ. ಬಳಚು ಹೆಕ್ಕುವ ಹೆಂಗಸು ಒಬ್ಬಳೂ ಆ ಹೊತ್ತಿನಲ್ಲಿ ಮನೆಯಲ್ಲಿರುವುದಿಲ್ಲ. ತನ್ನ ಸಂಶೋಧನೆಗೆ ಹೊಳೆಗಿಳಿಯುವಾಗ ಕಡಲ ನೀರಿನ ಭರತ ಇಳಿತದ ಪಟ್ಟಿ ನೋಡದೆ ಹೆಜ್ಜೆ ಇಡದವಳು, ಸಭೆಗೆ ಭಾನುವಾರವೊಂದನ್ನು ನೋಡಿ ದಿನ ಇಟ್ಟಿದ್ದಳು. ಅವ್ವಿ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಅವ್ವಿ, ಅಂದರೆ ಅವಳ ತಾಯಿ ತಿಮ್ಮಿ, ಬೆರಳ ಗಂಟಿನ ಮೇಲೆ ತಿಥಿ ಎಣಿಸಿ ಇಳಿತದ ಹೊತ್ತು ಹೇಳುತ್ತಿದ್ದಳು. ಶಾಲೆ ಬಿಟ್ಟ ಮಾಲಿನಿ ಪಾಟಿಚೀಲವನ್ನು ದಂಡೆಯ ಮೇಲೆಸೆದು ನೀರಿಗಿಳಿಯುತ್ತಿದ್ದಳು. ಕೆಸರೊಳಗೆ ಕಾಲ್ಬೆರಳಿಂದ ತಡಕಿ ಬಳಚು ಹುಡುಕುವ ಆ ಸುಖ ಆಮೇಲೆ ಯಾವ ಪದವಿಯಲ್ಲೂ ಸಿಗಲಿಲ್ಲ. ನೀರು ತಿರುಗಿ ಏರತೊಡಗಿದಾಗ ಪ್ರತಿ ಹೆಂಗಸೂ ಬುಟ್ಟಿಯಿಂದ ಒಂದು ಮುಷ್ಟಿ ತೆಗೆದು ಹೊಳೆಗೆ ಎಸೆಯುವ ಪದ್ಧತಿ ಇತ್ತು. ಹೊಳೆ ಪಾಲು ಅನ್ನುತ್ತಿದ್ದರು. ಎಸೆಯುತ್ತಿದ್ದದ್ದು ತೀರ ಸಣ್ಣದನ್ನೇ; ದೊಡ್ಡ ಬಳಚನ್ನು ಹೊಳೆಗೆ ಕೊಡುವಂಥ ದಾನಶೂರ ಕರ್ಣರು ಕೋಡಿಬೈಲಲ್ಲಿ ಹುಟ್ಟಿರಲಿಲ್ಲ.

ಒಂಬತ್ತನೇ ಇಯತ್ತೆಯಲ್ಲಿ ಇದೇ ಜಗಲಿಯ ಮೇಲೆ ಭಾಷಣ ಸ್ಪರ್ಧೆ. ವಿಷಯ ಮೂಢನಂಬಿಕೆ. “ಹೊಳೆಗೆ ಹೊಟ್ಟೆ ಇದೆಯೇ? ಇದ್ದರೂ ನೀವು ಅದಕ್ಕೆ ಕೊಡುವುದು ಕಸ!” ಎಂದು ಮಾಲಿನಿ ಕೈಯೆತ್ತಿ ಗುಡುಗಿದಳು. ಊರಿಗೆ ಊರೇ ನಕ್ಕಿತು. ಮೊದಲ ಬಹುಮಾನ, ಸ್ಟೀಲಿನ ಡಬ್ಬಿ. ಮುಂದಿನ ಇಳಿತದಿಂದಲೇ ಹರೆಯದ ಸೊಸೆಯಂದಿರು ಹೊಳೆ ಪಾಲು ನಿಲ್ಲಿಸಿದರು, ನಾಚಿಕೆಗೆ ಹಿರಿಯರೂ ನಿಲ್ಲಿಸಿದರು. ಅವ್ವಿ ಎಸೆದದ್ದನ್ನೂ ಮಾಲಿನಿ ಮತ್ತೆ ನೋಡಲಿಲ್ಲ. ನೀರು ತಿರುಗುತ್ತಲೇ ಅವ್ವಿ ಮಗಳ ತಲೆಗೆ ಬುಟ್ಟಿಯೊಂದನ್ನು ಏರಿಸಿ, “ನೀ ಮುಂದೆ ನಡಿ ಮಗಾ, ಓದುದಿರ್ತದೆ. ನಾ ಕಾಲು ತೊಳ್ಕಂಡು ಬತ್ತೆ” ಅನ್ನುತ್ತಿದ್ದಳು. ಒದ್ದೆ ಲಂಗ ಕಾಲಿಗೆ ಅಂಟಿಸಿಕೊಂಡು ಹೊಳೆದಂಡೆಯ ಕಟ್ಟೆಯ ಮೇಲೆ ಒಬ್ಬಳೇ ನಡೆದ ಆ ಸಂಜೆಗಳನ್ನು ಇನ್ನೊಮ್ಮೆ ಕೊಡುತ್ತೇವೆಂದರೆ ಮಾಲಿನಿ ತನ್ನ ಇಪ್ಪತ್ತು ವರ್ಷದ ಪ್ರಬಂಧಗಳನ್ನೆಲ್ಲ ರದ್ದಿಗೆ ಹಾಕಲು ತಯಾರಿದ್ದಳು.

“ಬನ್ನಿ ಸುಧಾಕರಣ್ಣ, ನಾವೇ ಹೋಗುವ” ಎಂದು ಸೀರೆ ಎತ್ತಿ ಕಟ್ಟಿದಳು. ಸುಧಾಕರ ಪ್ಯಾಂಟು ಮಡಚಿ, ಬ್ಯಾನರು ಹೆಗಲಿಗೇರಿಸಿ, ಗೊಣಗುತ್ತ ಹಿಂದೆ ಬಂದ.

ಕೆಸರಲ್ಲಿ ನಲವತ್ತು ಹೆಂಗಸರು ಬಗ್ಗಿದ್ದರು. ಅವ್ವಿಯ ಜತೆಗಾತಿ ಸಣ್ಣಮ್ಮ, ಎಪ್ಪತ್ತು ದಾಟಿದವಳು, ಮೊದಲು ತಲೆಯೆತ್ತಿದಳು.

“ಯಾರು, ತಿಮ್ಮಿ ಮಗಳಲ್ದಾ? ಹುಣ್ಣಿಮೆ ದಿವ್ಸ ಮೀಟಿಂಗ್ ಇಟ್ಟವ್ಳು ನೀನೇಯಾ?”

ಸುತ್ತ ನಗು. ಮಾಲಿನಿಯೂ ನಕ್ಕಳು. ಆಮೇಲೆ ಮೊಣಕಾಲುದ್ದ ಕೆಸರಲ್ಲಿ ನಿಂತು, ಪ್ರೊಜೆಕ್ಟರು ಇಲ್ಲದೆ, ಸಣ್ಣ ಬಳಚೊಂದನ್ನು ಉಗುರಿನ ಮೇಲಿಟ್ಟು ತೋರಿಸಿ ಹೇಳಬೇಕಾದ್ದನ್ನು ಹೇಳಿದಳು.

ಜಯಶ್ರೀ ಎಂಬ ಹರೆಯದವಳು ಸೊಂಟ ನೆಟ್ಟಗೆ ಮಾಡಿದಳು. “ಸಣ್ಣದು ಬಿಟ್ರೆ ಬುಟ್ಟಿ ತುಂಬುದು ಹೆಂಗೆ ಅಕ್ಕ? ನಿಮ್ಗೆ ತಿಂಗ್ಳು ಆದ್ರೆ ಪಗಾರ ಬತ್ತದೆ.”

ಹೌದೆಂದು ಮಾಲಿನಿ ತಲೆಯಾಡಿಸಿದಳು. ಅವಳು ಹೇಳಲೆಂದೇ ಬಂದದ್ದು ಇನ್ನೊಂದಿತ್ತು.

“ಮೊದ್ಲು ಇಲ್ಲಿ ಎಲ್ಲರೂ ಹೊಳೆ ಪಾಲು ಬಿಡ್ತಿದ್ರು. ಅದು ನಿಂತದ್ದು ನನ್ನಿಂದ. ಶಾಲೆ ಜಗಲಿ ಮೇಲೆ ನಿಂತು ನಗಾಡಿದೆ. ನೀವು ಎಸೀತಿದ್ದದ್ದು ಕಸ ಅಲ್ಲ, ಬೀಜ. ನಾ ಹೇಳಿದ್ದು ತಪ್ಪು. ಅದನ್ನ ತಿಳ್ಕಳುಕೆ ನಂಗೆ ಇಪ್ಪತ್ತು ವರ್ಷ ಬೇಕಾಯ್ತು.”

ಸಣ್ಣಮ್ಮ ಕೈಯ ಕೆಸರು ಕೊಡವಿಕೊಂಡು ಹತ್ತಿರ ಬಂದಳು.

“ನಾವೆಲ್ಲ ಬಿಟ್ಟದ್ದು ಹೌದು. ನಿನ್ನ ಅವ್ವಿ ಮಾತ್ರ ಒಂದಿನಾನೂ ಬಿಡ್ಲಿಲ್ಲ ಮಗಾ.”

“ಇಲ್ಲ ಚಿಕ್ಕಿ, ನಾ ನೋಡ್ಲೇ ಇಲ್ಲ.”

“ನೀ ಹೆಂಗೆ ನೋಡ್ತೆ? ನಿನ್ನ ಮುಂದೆ ಕಳ್ಸಿ, ನೀ ಕಟ್ಟೆ ದಾಟುವರಿಗೆ ಕಾದು, ಆಮೇಲೆ ಹಾಕ್ತಿದ್ಲು. ಎಂತಕ್ಕೆ ಅಂದೆ. ‘ಹುಡುಗಿ ಬಹುಮಾನ ತಕಂಡದೆ, ಅದ್ರ ಮಾತು ಅದ್ರ ಮನೇಲೇ ನಡೀಲಿಲ್ಲ ಅಂತ ಆಗುದು ಬ್ಯಾಡ. ಹೊಳೆಗೂ ಉಪಾಸ ಬ್ಯಾಡ’ ಅಂದ್ಲು. ಸಾಯು ವರ್ಷದವರಿಗೂ ಹಾಕ್ತಿದ್ಲು.”

ಮಾಲಿನಿಗೆ ಎದುರಿನದು ಕಾಣಿಸಲಿಲ್ಲ. ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಕೆಸರಾಯಿತು.

ಹೊತ್ತು ಇಳಿಯುವಾಗ ನೀರು ತಿರುಗಿತು. ಸಣ್ಣಮ್ಮ ಒಂದು ಮುಷ್ಟಿ ಹೆಕ್ಕಿ ಹೊಳೆಗೆ ಎಸೆದಳು. ಒಬ್ಬೊಬ್ಬರಾಗಿ ಇನ್ನು ಕೆಲವರು ಎಸೆದರು. ಜಯಶ್ರೀ ತನ್ನ ಬುಟ್ಟಿಯನ್ನು ತುಸು ಹೊತ್ತು ನೋಡಿ, “ನಂದು ಅರ್ಧ ಮುಷ್ಟಿ. ಮುಂದಿನ ವರ್ಷ ಬಳಚು ಹೆಂಗೆ ಬತ್ತದೆ ನೋಡುವ” ಎಂದು ಎಣಿಸಿ ಎಣಿಸಿ ಹಾಕಿದಳು. ಪೆನ್ನು ಹಿಡಿಯಲು ಯಾರ ಕೈಯೂ ಒಣಗಿರಲಿಲ್ಲ. ಹಾಜರಿ ಹಾಳೆಯ ತುಂಬ ಕೆಸರಿನ ಹೆಬ್ಬೆಟ್ಟು ಬಿದ್ದವು.

“ಇದು ನಡೀತದಾ ಮೇಡಂ?” ಸುಧಾಕರ ಅಳುಕುತ್ತ ಕೇಳಿದ.

“ನಡೀತದೆ.”

“ಆತು. ಹಂಗಾರೆ ಬನ್ನಿ, ನೀರು ಏರ್ತಾ ಅದೆ.”

ಸಣ್ಣಮ್ಮ ಹೋಗುವಾಗ ಮಾಲಿನಿಯ ಅಂಗೈಗೆ ಸಣ್ಣ ಬಳಚು ಒಂದಷ್ಟು ಸುರಿದು ಹೋಗಿದ್ದಳು. ಮಾಲಿನಿ ಮುಷ್ಟಿ ಬಿಗಿ ಹಿಡಿದಳು.

“ನೀವು ಮುಂದೆ ನಡೀರಿ ಸುಧಾಕರಣ್ಣ,” ಎಂದಳು. “ನಾ ಕಾಲು ತೊಳ್ಕಂಡು ಬತ್ತೆ.”