ಅರಿಶಿನ ಬಲ್ಲ ಕಿವಿ

ಭೀಮನಬೀಡಿನಲ್ಲಿ ದೊಡ್ಡಮಾದಮ್ಮನ ಕಿವಿಗೆ ದೊಡ್ಡ ಹೆಸರಿತ್ತು. ಒಣಗಿದ ಅರಿಶಿನದ ಕೊಂಬನ್ನು ಲಟಕ್ಕನೆ ಮುರಿದು, ಆ ಸದ್ದಿನಿಂದಲೇ ‘ಇನ್ನೆರಡು ಬಿಸಿಲು ಬೇಕು’ ಎಂದು ಆಕೆ ತೀರ್ಪಿತ್ತರೆ, ಗುಂಡ್ಲುಪೇಟೆಯ ವ್ಯಾಪಾರಿಗಳೂ ತಕರಾರೆತ್ತುತ್ತಿರಲಿಲ್ಲ. ಅಂಥವಳ ಮನೆಯಲ್ಲಿಯೇ ಸೊಸೆ ಭವ್ಯಳ ಎದೆ ಈಗ ಸಿಳ್ಳೆ ಹಾಕುತ್ತಿತ್ತು.

ಭವ್ಯಳಿಗೆ ಆಸ್ತಮಾ ಹೊಸದಲ್ಲ. ತವರೂರು ಕುದೇರಿನ ಶಾಲೆಯ ದಿನಗಳಿಂದ ಅವಳೊಡನೆಯೇ ಬೆಳೆದದ್ದು. ಈಗ ಏಳು ತಿಂಗಳ ಬಸುರಿ. ಬೆಳಿಗ್ಗೆ ಸಂಜೆ ಎಳೆದುಕೊಳ್ಳುವ ಇನ್ಹೇಲರನ್ನು ಬಸಿರಿನಲ್ಲೂ ನಿಲ್ಲಿಸಕೂಡದೆಂದು ಡಾಕ್ಟರಮ್ಮ ಒತ್ತಿ ಹೇಳಿದ್ದರು. ಆದರೆ ಔಷಧ ಕೂಸಿಗೆ ತಾಗೀತೆಂದು ಹೆದರಿದ ಅತ್ತೆ, ಹತ್ತು ದಿನಗಳ ಹಿಂದೆಯೇ ಅದನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದ್ದಳು. ಜಗಳವೇಕೆಂದು ಭವ್ಯಳೂ ಸುಮ್ಮನಾಗಿದ್ದಳು. ಆ ಸುಮ್ಮನಿರುವಿಕೆ ತಪ್ಪೆಂಬುದು ಇಂದು ಜಗುಲಿಯ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಅವಳಿಗೆ ತಿಳಿದುಹೋಯಿತು.

ದೊಡ್ಡಮಾದಮ್ಮ ಅರಿಶಿನದ ಕೊಂಬೊಂದನ್ನು ಕೆಂಡಕ್ಕೆ ಹಿಡಿದು, ಹೊಗೆಯಾಡುವ ತುದಿಯನ್ನು ಸೊಸೆಯ ಮೂಗಿನ ಬಳಿಗೆ ತಂದಳು.

“ಎಳ್ಕಳಮ್ಮಿ. ನಮ್ಮೊಲದ್ದೇ ಕಣ. ಎದೆ ಸಡ್ಲಾಯ್ತದೆ.”

ಭವ್ಯ ಆ ಕೈಯನ್ನು ಮೆಲ್ಲಗೆ ಸರಿಸಿದಳು. “ಬ್ಯಾಡಿ ಅತ್ತೆ. ಇದು ನೆಗಡಿಯಲ್ಲ. ಒಗೆ ಕುಡುದ್ರೆ ಇನ್ನೂ ಕಟ್ಕತದೆ.”

“ಓಹೋ! ನಂಗೇ ಪಾಠ ಏಳ್ತೀಯಾ?”

“ಪಾಠ ಬುಡಿ. ನನ್ ಬೆನ್ನಿಗೆ ಕಿವಿ ಕೊಟ್ಟು ನೀವೇ ಕೇಳಿ.”

ಆ ಕಿವಿಗೆ ಬಂದ ಕರೆಯನ್ನು ದೊಡ್ಡಮಾದಮ್ಮ ಒಲ್ಲೆನೆನ್ನುವುದುಂಟೆ? ಬಾಗಿ ಕೇಳಿದಳು. ಮುಖ ಬಾಡಿತು. “ಬಾಗ್ಲು ಸಂದೀಲಿ ಗಾಳಿ ನುಗ್ದಂಗೆ ಅದೆಯಲ್ಲಮ್ಮಿ!”

“ಅಂಗೇ ಇರಿ.” ತುರ್ತಿಗೆಂದು ಬಳಿಯಲ್ಲೇ ಇಟ್ಟುಕೊಂಡಿದ್ದ ಬೇರೊಂದು ನೀಲಿ ಇನ್ಹೇಲರನ್ನು ಭವ್ಯ ಚೆನ್ನಾಗಿ ಕುಲುಕಿ, ಒತ್ತಿ, ನಿಧಾನವಾಗಿ ಒಳಕ್ಕೆಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿದಳು. ಮತ್ತೊಮ್ಮೆ ಹಾಗೆಯೇ ಮಾಡಿದಳು.

ಐದಾರು ನಿಮಿಷ ಕಳೆಯಿತು. ಕಣ್ಣು ಮುಚ್ಚಿ ಆಲಿಸುತ್ತಿದ್ದ ಅತ್ತೆ ಮೆಲ್ಲಗೆ ಅಂದಳು: “ಇಳೀತಾ ಅದೆ... ಎಡಗಡೆ ಒಸಿ ಉಳ್ಕಂಡದೆ.”

“ನನ್ನುಸ್ರು ಬಿಗಿಯಾದ್ರೆ ಕೂಸ್ಗೂ ಬಿಗೀನೇ, ಅತ್ತೆ. ಇದು ತುರ್ತಿಗೆ ಮಾತ್ರ. ಬೀರೂಲಿರೋದು ದಿನಾ ಬೇಕು.”

ದೊಡ್ಡಮಾದಮ್ಮ ಹೊಗೆಯಾಡುತ್ತಿದ್ದ ಕೊಂಬನ್ನು ನೀರಿನ ಚೊಂಬಿಗದ್ದಿ ಆರಿಸಿದಳು. ಸೊಂಟದ ಬೀಗದಕೈ ಬಿಚ್ಚಿ ಸೊಸೆಯ ಕೈಗಿತ್ತಳು. “ಇದ ಮೊದ್ಲೇ ಯಾಕಮ್ಮಿ ಕೇಳುಸ್ನಿಲ್ಲ ನೀನು?” ಎಂದು ಗದರಿದಳು. ಆ ಮಧ್ಯಾಹ್ನವೇ ಅತ್ತೆ-ಸೊಸೆಯರಿಬ್ಬರೂ ಗುಂಡ್ಲುಪೇಟೆಯ ಡಾಕ್ಟರಮ್ಮನಲ್ಲಿಗೆ ಹೋಗಿಬಂದರು. ದಿನದ ಇನ್ಹೇಲರ್ ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕೆಂದು ಡಾಕ್ಟರಮ್ಮ ಹೇಳಿದ್ದನ್ನು ಅತ್ತೆಯೂ ಕಿವಿಗೊಟ್ಟು ಕೇಳಿದಳು.

ಮರುದಿನ, ಅರಿಶಿನದ ಕೊಂಬುಗಳನ್ನು ಉಜ್ಜುತ್ತಾ ಧೂಳೆಬ್ಬಿಸುವ ಡ್ರಮ್ಮು, ಆ ಧೂಳು ಭವ್ಯಳ ಎದೆಗೆ ತಾಗದಿರಲೆಂದು, ಹಿತ್ತಲಿನಿಂದ ದೂರದ ಹೊಲಕ್ಕೆ ಸಾಗಿತು. ನೆರೆಮನೆಯ ಗುರುಸಿದ್ದಮ್ಮ ಸುಮ್ಮನಿರಲಿಲ್ಲ. “ಏನಕ್ಕ, ಸೊಸೆ ಏಳ್ದಂಗೆ ಕುಣೀತಿದ್ದಯಲ್ಲ?”

“ನನ್ ಕಿವಿ ಏಳ್ದಂಗೆ ಕಣ,” ಎಂದಳು ದೊಡ್ಡಮಾದಮ್ಮ.

ವಾರದ ಬಳಿಕ ಒಂದು ಬೆಳಿಗ್ಗೆ ಆಕೆ ಎಂದಿನಂತೆ ಸೊಸೆಯ ಬೆನ್ನಿಗೆ ಕಿವಿಯಿಟ್ಟು, ಬಹಳ ಹೊತ್ತು ಆಲಿಸಿ, ತೀರ್ಪಿತ್ತಳು:

“ಎಡಗಡೇನೂ ಸರೋಯ್ತು. ಎಲ್ಲಿ, ಔಷ್ದಿ ಎಳ್ಕಂಡ್ಮೇಲೆ ಬಾಯಿ ಮುಕ್ಕುಳ್ಸುದ್ಯಾ?”